ಆಪ್ತಸಲಹೆ ಪ್ರಕರಣ: ರಾತ್ರಿಯೆಲ್ಲ ಡೇಟಾ ಚೆಕ್ ಮಾಡುವ ಹುಡುಗಿ

ಪುಣೆಯಲ್ಲಿ ಕನ್ನಡದಲ್ಲಿ ಮಾತಾಡುವ ಆಪ್ತಸಲಹೆಗಾರರು ಅಂತ ಹುಡುಕಿಕೊಂಡು ನನ್ನ ಹತ್ತಿರ ಬರುವವರಲ್ಲಿ ಹಿಂಜವಡಿ, ಖರಾಡಿ ಕಡೆ ಕೆಲಸ ಮಾಡುವ ಹುಡುಗ ಹುಡುಗಿಯರೇ ಜಾಸ್ತಿ. ವಿಜಯಪುರ, ಬಾಗಲಕೋಟೆ, ಕಲಬುರಗಿಯವರು. ಕೆಲವು ತಿಂಗಳು ಸ್ಯಾಸ್ (SAS) ಅನ್ನುವ ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್‌ನ ಕೋರ್ಸ್ ಮಾಡಿ, ಔಷಧ ಪ್ರಯೋಗಗಳ ಡೇಟಾ ನೋಡುವ ಕಂಪನಿಗೆ ಸೇರಿರುತ್ತಾರೆ. ಎಲ್ಲರ ಗೋಳೂ ಹೆಚ್ಚುಕಮ್ಮಿ ಒಂದೇ, "ತಪ್ಪಾಗಿಬಿಟ್ರೆ?" ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನೂ ಸಂಖ್ಯೆಗಳನ್ನೂ ಬದಲಿಸಿದ್ದೇನೆ.

ಈಕೆ ವಾಕಡ್‌ನ ಪಿಜಿಯಲ್ಲಿರುತ್ತಾಳೆ. ಕೆಲಸದಲ್ಲಿ ಒಂದು ತಪ್ಪು ಸಿಕ್ಕಿಬಿದ್ದ ಮೇಲೆ ನಿದ್ದೆ ಹೋಗಿತ್ತು. ರಾತ್ರಿ ಎರಡರ ತನಕ ಅದೇ ಪ್ರೋಗ್ರಾಂ ಓಡಿಸುವುದು, ನೋಡುವುದು, ಸಮಾಧಾನವಾಗದೆ ಮತ್ತೆ ಓಡಿಸುವುದು. ರಾಜೀನಾಮೆ ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿದ್ದಳು.

ಆ ತಪ್ಪು ಏನು ಅಂತ ಬಿಡಿಸಿ ಹೇಳಿ, ನನಗೂ ಅರ್ಥವಾಗಲಿ ಅಂದೆ. ನನ್ನ ಪ್ಯಾಡ್ ಮೇಲೆ ಬರೆದು ತೋರಿಸಿದಳು. 40 ರೋಗಿಗಳು, ಒಬ್ಬೊಬ್ಬರದು 6 ಭೇಟಿ, 240 ಸಾಲು ಇರಬೇಕು. 6 ಸಾಲು ಎರಡೆರಡು ಸಲ ಬಂದು 246 ಆಗಿತ್ತು. ಅವನ್ನು ತೆಗೆಯಲು, ಸಾಲುಗಳನ್ನು ಕ್ರಮವಾಗಿ ಜೋಡಿಸುವ ಪ್ರಾಕ್ ಸಾರ್ಟ್ (PROC SORT) ಆದೇಶಕ್ಕೆ, ಎರಡನೇ ಸಲ ಬಂದದ್ದನ್ನು ಅಳಿಸುವ ನೋಡಪ್‌ಕೀ (NODUPKEY) ಸೇರಿಸಿದಳು, ಆದರೆ ಯಾವುದನ್ನು ಹೋಲಿಸಬೇಕು ಅಂತ ಹೇಳುವ ಬೈ (BY) ಅನ್ನುವ ಕಡೆ ರೋಗಿಯ ನಂಬರ್ ಒಂದನ್ನೇ ಕೊಟ್ಟು ಭೇಟಿಯ ನಂಬರ್ ಬಿಟ್ಟಳು. ನೋಡಪ್‌ಕೀ ನೋಡುವುದು ಬೈನಲ್ಲಿ ಕೊಟ್ಟದ್ದನ್ನು ಮಾತ್ರ. ರೋಗಿಗೊಂದರಂತೆ ಮೊದಲ ಸಾಲು ಉಳಿಯಿತು, ಮಿಕ್ಕಿದ್ದೆಲ್ಲ ಹೋಯಿತು. ಫಲಿತಾಂಶಕ್ಕೆ ಔಟ್ (OUT=) ಅಂತ ಬೇರೆ ಹೆಸರು ಕೊಡದ ಕಾರಣ ಹಳೆಯ ಡೇಟಾದ ಮೇಲೇ ಹೊಸದು ಕೂತಿತು. ಪುಣ್ಯಕ್ಕೆ ಮೂಲ ಡೇಟಾ ಬೇರೆ ಕಡೆ ಇತ್ತು. ಅದೇ ಕೆಲಸವನ್ನು ಪ್ರತ್ಯೇಕವಾಗಿ ಬರೆದ ಇನ್ನೊಬ್ಬ ಪ್ರೋಗ್ರಾಮರ್‌ನದಕ್ಕೂ ಇವಳದಕ್ಕೂ ತಾಳೆಯಾಗದೆ ವಿಷಯ ಹೊರಗೆ ಬಂತು.

"ನನಗ ಹೇಳಲಾರದ ಅಳಿಸಿಬಿಡ್ತರಿ ಮೇಡಂ."

"ಏನೂ ಹೇಳಲೇ ಇಲ್ವಾ?"

ಪೆನ್ನಿನ ಕ್ಯಾಪ್ ತೆಗೆದಳು, ಹಾಕಿದಳು. "ಲಾಗ್‌ನಾಗ ಇತ್ತರಿ. 206 ಸಾಲು ಅಳಿಸೈತಿ ಅಂತ. ಆದ್ರ ಅದು ನೀಲಿ ಅಕ್ಷರ. ಕೆಂಪು ಬಂದ್ರ ಅಷ್ಟ ನೋಡ್ರಿ ಅಂತ ಕೋರ್ಸ್‌ನಾಗ ಹೇಳಿಕೊಟ್ಟಿದ್ರು."

ಲಾಗ್ ಅಂದರೆ ಪ್ರೋಗ್ರಾಂ ಓಡಿದಾಗ ಏನೇನಾಯಿತು ಅಂತ ಸ್ಯಾಸ್ ಬರೆದು ತೋರಿಸುವ ವರದಿ. ಅದರಲ್ಲಿ ಎರರ್ ಕೆಂಪು, ವಾರ್ನಿಂಗ್ ಹಸಿರು, ನೋಟ್ ನೀಲಿಯಂತೆ. ಅವಳು ಹೇಳಿದ್ದನ್ನು ಅದು ಸರಿಯಾಗೇ ಮಾಡಿತ್ತು, ಕೆಂಪು ಯಾಕೆ ಬರುತ್ತೆ?

"ಈಗ ರಾತ್ರಿ ಕೂತು ಏನು ಹುಡುಕ್ತೀರಿ?"

"ತಪ್ಪು."

"ಯಾವ ತಪ್ಪು?"

ಉತ್ತರ ಬರಲಿಲ್ಲ. ನನಗೆ ದಾರಿ ಸಿಕ್ಕಿದ್ದು ಅಲ್ಲೇ. ಏನು ಸಿಗಬೇಕು ಅಂತ ಗೊತ್ತಿಲ್ಲದೆ ಹುಡುಕುತ್ತ ಕೂತರೆ ಸಾಕು ಅನ್ನಿಸುವುದೇ ಇಲ್ಲ, ಅಲ್ವಾ?

ಹಾಗಾಗಿ ನಾನು ಹೇಳಿದ್ದು ಇಷ್ಟು. ಓಡಿಸುವ ಮೊದಲು ಎಷ್ಟು ಸಾಲು ಹೋಗಬೇಕು ಅಂತ ಕಾಗದದ ಮೇಲೆ ಬರೆಯಿರಿ. ಆಮೇಲೆ ಲಾಗ್ ನೋಡಿ. 6 ಅಂತ ಬರೆದು 206 ಬಂದರೆ ನಿಲ್ಲಿ. 6 ಬಂದರೆ ಆ ಆರನ್ನು ಕಣ್ಣಾರೆ ನೋಡಿ, ಲ್ಯಾಪ್‌ಟಾಪ್ ಮುಚ್ಚಿ ಎದ್ದುಬಿಡಿ. ತೆಗೆದ ಸಾಲುಗಳನ್ನು ಡಪ್‌ಔಟ್ (DUPOUT=) ಅನ್ನುವ ಆಯ್ಕೆ ಬೇರೆ ಕಡೆ ಇಡುತ್ತೆ ಅಂತ ಅವಳೇ ಹೇಳಿದಳು, ಗೊತ್ತಿದ್ದೂ ಬಳಸಿರಲಿಲ್ಲ. ಒಂದೇ ಭೇಟಿಗೆ ಎರಡು ಬೇರೆ ಬೇರೆ ಬಿಪಿ ಇದ್ದರೆ ಯಾವುದು ಉಳಿಯಬೇಕು ಅನ್ನೋದನ್ನು ಒಬ್ಬರೇ ತೀರ್ಮಾನ ಮಾಡಬೇಡಿ, ಟೀಮ್ ಲೀಡ್‌ನ ಕೇಳಿ. ಕೇಳಿದರೆ ದಡ್ಡಿ ಅಂದುಕೊಳ್ತಾರೆ ಅನ್ನೋ ಭಯ ಇತ್ತು. ಅಂದುಕೊಳ್ಳಲಿ ಬಿಡಿ ಅಂದೆ. ರಾಜೀನಾಮೆ ಈ ತಿಂಗಳು ಬೇಡ ಅಂತಲೂ ಹೇಳಿದೆ.

ಆಪ್ತಸಲಹೆಗಾರರು ಕೆಲಸದ ಒಳಗೆ ಕೈ ಹಾಕಬಾರದು, ಭಾವನೆ ಮಾತ್ರ ನೋಡಬೇಕು ಅನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಅರೆಬರೆ ಕಲಿಸಿ ಕಳಿಸಿದವರ ತಪ್ಪಿಗೆ ಈ ಹುಡುಗಿಗೆ ಸುಮ್ನೆ ಉಸಿರಾಟದ ವ್ಯಾಯಾಮ ಹೇಳಿ ಕಳಿಸುವುದು ಯಾವ ನ್ಯಾಯ? ಅವಳ ಭಯಕ್ಕೆ ಕಾರಣ ಇತ್ತು. ಭಯ ಕಾರಣಕ್ಕಿಂತ ದೊಡ್ಡದಾಗಿ ಬೆಳೆದಿತ್ತು ಅನ್ನೋದೂ ನಿಜ.

ಇದೇ ಸಲಹೆ ಎಲ್ಲರಿಗೂ ಹೊಂದುವುದಿಲ್ಲ. ಗ್ಯಾಸ್, ಬಾಗಿಲು, ಕಳಿಸಿದ ಮೆಸೇಜ್ ಎಲ್ಲವನ್ನೂ ಹತ್ತು ಸಲ ನೋಡುವವರಿದ್ದರೆ ಅದು ಗೀಳು ಇರಬಹುದು, ಮನೋವೈದ್ಯರನ್ನು ನೋಡಬೇಕು. ಇವಳಲ್ಲಿ ಅದಿರಲಿಲ್ಲ. ಈಗ ಹನ್ನೊಂದಕ್ಕೆ ಮಲಗುತ್ತಾಳೆ. ಕೆಲಸ ಮುಗಿಸಿ ಒಪ್ಪಿಸಬೇಕಾದ ವಾರ ಮಾತ್ರ ಇನ್ನೂ ಫೋನ್ ಮಾಡುತ್ತಾಳೆ.