ಓದುಗರ ಪ್ರಶ್ನೆ: ಹೆಚ್ಚು ನಡೆಯದೆ ಹಿಮನದಿ ನೋಡಬಹುದೇ?

ಪ್ರಶ್ನೆ: ಮಂಡಿನೋವಿರುವ ತಾಯಿಯವರೊಂದಿಗೆ ಜೂನ್ ಮೊದಲ ವಾರ ಸ್ವಿಟ್ಜರ್‌ಲೆಂಡಿಗೆ ಹೊರಟಿದ್ದೇವೆ. ಅವರಿಗೆ ಹಿಮನದಿ ತೋರಿಸುವುದು ಸಾಧ್ಯವೇ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಖಂಡಿತ ಸಾಧ್ಯ. 1912ರಲ್ಲಿ ಪೂರ್ಣಗೊಂಡ ಪರ್ವತ ರೈಲುಮಾರ್ಗವು ನಿಮ್ಮನ್ನು 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಕ್ ನಿಲ್ದಾಣಕ್ಕೇ ಒಯ್ಯುತ್ತದೆ. ಅಲ್ಲಿಂದ ಲಿಫ್ಟ್‌ನಲ್ಲಿ ವೀಕ್ಷಣಾ ಅಟ್ಟಕ್ಕೆ ಏರಿದರೆ ಆಲ್ಪ್ಸ್‌ನ ಅತಿ ಉದ್ದದ ಹಿಮನದಿಯಾದ ಅಲೆಚ್ ಕಾಣುತ್ತದೆ. ಆದರೆ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನವರಿಗೆ ಅಲ್ಲಿನ ತೆಳುಗಾಳಿಯಲ್ಲಿ ಏದುಸಿರು, ತಲೆನೋವು ಬರಬಹುದಾದ್ದರಿಂದ, ತಾಯಿಯವರಿಗೆ ಹೃದಯದ ಅಥವಾ ಶ್ವಾಸಕೋಶದ ತೊಂದರೆಯಿದ್ದಲ್ಲಿ ವೈದ್ಯರನ್ನು ಮೊದಲೇ ವಿಚಾರಿಸಿರಿ. ಫುರ್ಕಾ ಘಟ್ಟದ ರಸ್ತೆಗೆ ಸಮೀಪವಿರುವ ರೋನ್ ಹಿಮನದಿ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದ್ದು, ಕರಗುವಿಕೆಯನ್ನು ನಿಧಾನಗೊಳಿಸಲು ಅದರ ಒಂದು ಭಾಗಕ್ಕೆ ಬಿಳಿ ಹೊದಿಕೆ ಹಾಸುತ್ತಾರೆ (ನೋಟಕ್ಕೆ ಅದೇನೂ ಚೆಂದವಲ್ಲ). ಚಳಿಗಾಲದಲ್ಲಿ ಮುಚ್ಚುವ ಆ ರಸ್ತೆಯು ಹಿಮ ತೆರವಾದ ಮೇಲಷ್ಟೇ ತೆರೆಯುವುದರಿಂದ, ಜೂನ್ ಆರಂಭದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.