ಹಿಕರಿ ಬಿಲ್ಲು, ಧಾರವಾಡದ ಮಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬಿಲ್ಲು ಮಾಡಾಕ ಬೆಂಗಳೂರಿಂದ ಇಂಪೋರ್ಟೆಡ್ ಹಿಕರಿ (ಅಮೆರಿಕದ ಗಟ್ಟಿ ಕಟ್ಟಿಗಿ) ಹಲಗಿ ತರಿಸೀನ್ರಿ, 6 ಅಡಿ ಉದ್ದ, 2 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಕಿಲ್ನ್‌ನ್ಯಾಗ (ಬಿಸಿಗಾಳಿ ಗೂಡಿನ್ಯಾಗ) ಒಣಗಿಸಿದ್ದು ಅಂತ ರಸೀದಿಯೊಳಗ ಬರದಾರ, ಮತ್ತ ನಾ ಒಣಗಸಬೇಕೇನು? ನಮ್ಮ ಬಡಿಗ್ಯಾರು ನೋಡಿ, ಬಿಳಿ ಕಟ್ಟಿಗಿ ಯಾಕ ತಂದಿ, ಗಿಡದ ನಡುವಿನ ಚೇಗು ತರಬೇಕಿತ್ತು ಅಂದ್ರು.
– ಓದುಗರು, ಧಾರವಾಡ

ಉತ್ತರ: ಬಡಿಗ್ಯಾರ ಮಾತು ಸಾಗವಾನಿಗೆ ಖರೆ ಐತ್ರಿ, ಆದ್ರ ಹಿಕರಿಯೊಳಗ ಬಿಳಿ ಭಾಗನೂ ಚೇಗಿನಷ್ಟ ಗಟ್ಟಿ, ಬಿಲ್ಲಿಗೆ ಎರಡೂ ನಡೀತಾವ. ಸಣ್ಣ ಸಣ್ಣ ತೂತು, ಹಿಟ್ಟಿನಂಥಾ ಪುಡಿ ಕಂಡ್ರ ಮಾತ್ರ ಹುಳ ಹತ್ತೇತಿ ಅಂತ ಬಿಟ್ಟಬಿಡ್ರಿ. ಬಣ್ಣಕ್ಕಿಂತ ಕಟ್ಟಿಗಿ ಎಳಿಯ ಗೆರಿ ನೋಡ್ರಿ. ಒಂದು ಗೆರಿ ಮ್ಯಾಲ ಬೆರಳಿಟ್ಟು ಈ ತುದಿಯಿಂದ ಆ ತುದಿ ತನಕ ಜಾರಿಸ್ಕೊಂತ ಹೋಗ್ರಿ, ನಡುವ ಎಲ್ಲೆರ ಅದು ಅಂಚಿಗೆ ಹರದು ಹೋತಂದ್ರ ಬಿಲ್ಲು ಸೀಳೂದು ಅಲ್ಲೇ, ಮುಖದ ಮ್ಯಾಲೂ ನೋಡ್ರಿ ದಪ್ಪದ ಬಾಜೂನೂ ನೋಡ್ರಿ.

ಇನ್ನ ಒಣಗಸೂದು. ಕಿಲ್ನ್‌ನ್ಯಾಗ ಒಣಗಿದ ಕಟ್ಟಿಗಿನೂ ಹವಾದಾಗಿನ ತೇವ ಮತ್ತ ಕುಡೀತೈತ್ರಿ, ಹಿಕರಿಗೆ ಇದ ದೊಡ್ಡ ವೈರಿ. ಎಳತಕ್ಕ ಅದು ಭಾಳ ಗಟ್ಟಿ, ಅಮೆರಿಕದಾಗ ಕೊಡ್ಲಿ ಕಾವು, ಸುತ್ತಿಗಿ ಕಾವು ಅದರಾಗ ಮಾಡ್ತಾರ, ಆದ್ರ ತೇವ ಇದ್ರ ಒತ್ತಡ ಬೀಳೂ ಬಾಜೂ, ಅಂದ್ರ ನಿಮ್ಮ ಕಡೆ ಇರೂ ಬಿಲ್ಲಿನ ಹೊಟ್ಟಿ, ಕುಸದುಬಿಡ್ತೈತಿ. ನಾನೂ ಒಂದು ಬಿಲ್ಲು ಜುಲೈದಾಗ ಮಾಡಿದ್ನಿ, ಹೊರಗ ಜಿಟಿಜಿಟಿ ಮಳಿ, ಹೆದಿ ಬಿಚ್ಚಿದ ಮ್ಯಾಲೂ ತುದಿ ಎರಡೂವರೆ ಇಂಚು ಬಾಗೇ ಉಳಿದ್ವು, ಆಮ್ಯಾಲ ಎಷ್ಟ ಒಣಗಿಸಿದ್ರೂ ನೆಟ್ಟಗಾಗಲಿಲ್ಲ, ಇವತ್ತಿಗೂ ಅದನ್ನ ನೋಡಿದ್ರ ಸಂಕಟ ಆಗ್ತೈತಿ.

ಹಿಕರಿ ಬಿಲ್ಲಿಗೆ ಬೇಕಾದ್ದು 6ರಿಂದ 8 ಪರ್ಸೆಂಟ್ ತೇವ. ಬ್ಯಾಸಗ್ಯಾಗ ಹವಾದ ತೇವ 35 ಪರ್ಸೆಂಟಿಗೆ ಇಳದು ಹಂಗ ಇತ್ತಂದ್ರ ಕಟ್ಟಿಗಿ ತಾನ 7 ಪರ್ಸೆಂಟಿನ ಹತ್ರ ಬಂದು ನಿಲ್ತೈತಿ, ಮಳಿಗಾಲದಾಗ ಹವಾ 85 ಆದ್ರ ಅದ ಕಟ್ಟಿಗಿ 17-18ರ ತನಕ ಏರ್ತೈತಿ. ಅದಕ್ಕ ಅಳೀರಿ. ಹಲಗಿ ತುದಿಯಿಂದ ಸಣ್ಣ ತುಂಡು ಕೊಯ್ದು ತೂಗ್ರಿ, ಓವನ್‌ದಾಗ 103 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ತೂಕ ಇಳಿಯೂದು ನಿಲ್ಲೂತನಕ ಒಣಗಸ್ರಿ, 112 ಗ್ರಾಮ್ ಇದ್ದದ್ದು 100ಕ್ಕ ಬಂದು ನಿಂತ್ರ ನಿಮ್ಮ ಹಲಗಿ 12 ಪರ್ಸೆಂಟ್ ಐತಿ. ಆ ಹಲಗಿ 1,400 ಗ್ರಾಮ್ ಇದ್ರ 1,340ರ ಹತ್ರ, ಅಂದ್ರ 7 ಪರ್ಸೆಂಟಿನ ಹತ್ರ, ಇಳಿಯೂತನಕ ರಂದಾ ಮುಟ್ಟಬ್ಯಾಡ್ರಿ. ಅಡಗಿಮನಿ ಡಿಜಿಟಲ್ ತಕ್ಕಡಿ ಸಾಕು, ವಾರಕ್ಕೊಮ್ಮೆ ತೂಗಿ ಹಲಗಿ ಮ್ಯಾಲ ಪೆನ್ಸಿಲ್‌ಲೇ ಬರೀರಿ. ಮಾರ್ಚ್‌ದಿಂದ ಮೇ ಒಳಗ ಕೆಲಸ ಮುಗಿಸಿ ವಾರ್ನಿಷ್ ಹೊಡೀರಿ, ವಾರ್ನಿಷ್ ತೇವ ತಡ ಮಾಡ್ತೈತಿ, ಪೂರಾ ತಡಿಯಂಗಿಲ್ಲ, ಹಿಂಗಾಗಿ ಮಳಿಗಾಲದಾಗ ಥಂಡಿ ಗ್ವಾಡಿಗೆ ಆನಿಸಿ ಇಡಬ್ಯಾಡ್ರಿ.

ಪ್ರಶ್ನೆ: ಹಿಕರಿ ನಮಗ ತುಟ್ಟಿ ಆತು. ನಮ್ಮ ಕಡೆ ಕಟ್ಟಿಗಿಯೊಳಗ ಯಾವುದು ನಡೀತೈತಿ? ಹಸೀದು ಸಿಕ್ರ ಕೆರಿ ನೀರಾಗ ನೆನಸಬೇಕೇನು, ನಮ್ಮಜ್ಜ ಚಕ್ಕಡಿ ಗಾಲಿ ಜಾಲಿಗೆ ಹಂಗ ಮಾಡ್ತಿದ್ದ.
– ಓದುಗರು, ಗದಗ

ಉತ್ತರ: ತಡಸಲು ಗಿಡದ ಕಟ್ಟಿಗಿ ಹುಡುಕ್ರಿ. ಸಂಸ್ಕೃತದಾಗ ಅದಕ್ಕ ಧನುರ್ವೃಕ್ಷ ಅಂತನ ಹೆಸರು, ಬಾಗಿ ತಿರುಗಿ ನೆಟ್ಟಗಾಗೂ ಗುಣ ಅದಕ್ಕ ಹುಟ್ಟಾ ಬಂದದ್ದು. ಬಿದಿರಂತೂ ಇದ್ದ ಐತಿ. ಅಡವಿ ಗಿಡ ಇರ್ಲಿ, ಹೊಲದ ಗಿಡ ಇರ್ಲಿ, ಅರಣ್ಯ ಇಲಾಖೆ ಕೇಳದ ಕೊಡ್ಲಿ ಹಾಕಬ್ಯಾಡ್ರಿ.

ಅಜ್ಜ ಮಾಡಿದ್ದು ಗಾಲಿಗೆ ಸರಿ, ಬಿಲ್ಲಿಗೆ ನೆನಸೂದು ಬ್ಯಾಡ. ಕಡದ ದಿನಾನ ಎರಡೂ ತುದಿಗೆ ಮೇಣರ ಫೆವಿಕಾಲ್‌ರ ದಪ್ಪಗ ಬಳೀರಿ, ಇಲ್ಲಂದ್ರ ತುದಿಯಿಂದ ನೀರು ಲಗೂ ಹೋಗಿ ಸೀಳು ಬಿಡ್ತೈತಿ. ಆಮ್ಯಾಲ ಉದ್ದಕ ಸೀಳಿ ನಾಕು ಪಾಲು ಮಾಡ್ರಿ. ತೊಗಟಿ ಬಿಟ್ರ ಅದರ ಬುಡಕ ಹುಳ, ಬೂಸ್ಟು, ತಗದ್ರ ತೊಗಟಿ ಇದ್ದ ಆ ಬಾಜೂಗೂ ಒಂದು ಕೋಟ್ ಬಳೀಬೇಕು. ನಿಮ್ಮ ಗದಗಿನ ಏಪ್ರಿಲ್ ಬಿಸಲಾಗ ಹಸೀ ತುಂಡು ಇಟ್ರ ಒಡದು ಚೂರಾಗ್ತೈತಿ, ಗಾಳಿ ಆಡೂ ನೆರಳಾಗ ಇಟ್ಟಂಗಿ ಮ್ಯಾಲ ಏರಿಸಿ ಇಡ್ರಿ, ಒಂದು ಮಳಿಗಾಲ ದಾಟಿ ಮುಂದಿನ ಬ್ಯಾಸಗಿ ಬರ್ಲಿ, ತೂಕ ನಿಂತದ್ದು ನೋಡಿ ಕೆಲಸ ಹಿಡೀರಿ.