ಕಾಟನ್ ಎಂಬ ಹೆಸರಿನಲ್ಲಿ ಹತ್ತಿ ಇಲ್ಲ

ಪ್ರಶ್ನೆ: ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯ ಮುಂದೆ ಹೋಗುವಾಗ ಮಗಳು ಕೇಳಿದಳು, ‘ಇವರ ಮನೆಯವರು ಹತ್ತಿ ಮಾರುತ್ತಿದ್ದರಾ?’ ಉತ್ತರ ಗೊತ್ತಾಗಲಿಲ್ಲ. ಗೋದಾವರಿಗೆ ಅಣೆಕಟ್ಟು ಕಟ್ಟಿದ ಆರ್ಥರ್ ಕಾಟನ್ ಇವರ ನೆಂಟರೇ? ಗುವಾಹಟಿಯಲ್ಲೂ ಒಂದು ಕಾಟನ್ ಕಾಲೇಜು ಇದೆಯಲ್ವಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಮಗಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಕೇಳಿದವರಿಗೆಲ್ಲ ಮೊದಲು ನೆನಪಾಗುವುದು ಹತ್ತಿಯೇ. ಆದರೆ ಈ ಹೆಸರಿಗೂ ಹತ್ತಿಗೂ ಸಂಬಂಧವಿಲ್ಲ. ಇದು ಊರಿನಿಂದ ಬಂದ ಅಡ್ಡಹೆಸರು.

ಹಳೆಯ ಇಂಗ್ಲಿಷಿನಲ್ಲಿ ‘ಕಾಟ್’ ಅಂದರೆ ಗುಡಿಸಲು. ಕುರಿದೊಡ್ಡಿಗೂ ಅದೇ ಪದ ಸಲ್ಲುತ್ತಿತ್ತು. ಇವತ್ತು ನಾವು ರೆಸಾರ್ಟಿಗೆ ಹೋದರೆ ‘ಕಾಟೇಜ್’ ಕೇಳುತ್ತೇವಲ್ಲ, ಅದರ ಬೇರೂ ಇದೇ. ಈ ಪದಕ್ಕೆ ವಿಭಕ್ತಿ ಸೇರಿ ‘ಕಾಟುಮ್’ ಆದಾಗ ‘ಗುಡಿಸಲುಗಳ ಬಳಿ’ ಎಂಬ ಅರ್ಥ ಬರುತ್ತಿತ್ತು. ‘ಎಲ್ಲಿದ್ದೀಯ?’ ಎಂದರೆ ‘ಗುಡಿಸಲುಗಳ ಬಳಿ’ ಎಂದು ಹೇಳಿ ಹೇಳಿ, ಆ ವಿಭಕ್ತಿಯ ಸಮೇತವೇ ಅದು ಊರಿನ ಹೆಸರಾಗಿ ನಿಂತಿತು. ಮುಂದೆ ವಿಭಕ್ತಿಗಳು ಆ ಭಾಷೆಯಿಂದಲೇ ಉದುರಿಹೋದವು. ಹೆಸರಿನ ತುದಿಯಲ್ಲಿ ಮಾತ್ರ ಒಂದು ಉಳಿದುಕೊಂಡಿತು. ನನಗೆ ಈ ಹೆಸರಿನಲ್ಲಿ ಅತ್ಯಂತ ಇಷ್ಟವಾಗುವುದು ಇದೇ.

ನಾಲ್ಕು ಗುಡಿಸಲು ಇದ್ದ ಜಾಗ ಇಂಗ್ಲೆಂಡಿನಲ್ಲಿ ಒಂದೆರಡೇ? ಕೇಂಬ್ರಿಜ್ ಪಕ್ಕದಲ್ಲಿ ಒಂದು ಕೋಟನ್ ಇದೆ, ನಾರ್ಥಾಂಪ್ಟನ್ ನಗರದಲ್ಲಿ ಫಾರ್ ಕಾಟನ್ ಇದೆ, ಸ್ಟಾಫರ್ಡ್‌ಶೈರ್ ಕಡೆಯೂ ಕೋಟನ್‌ಗಳಿವೆ. ನಾರ್ಮನ್ನರು 1086ರಲ್ಲಿ ದೇಶದ ಜಮೀನಿನ ಲೆಕ್ಕ ಬರೆಸಿದಾಗ ಗುಡಿಸಲಿನಲ್ಲಿರುವ ಬಡ ರೈತರನ್ನು ಬೇರೆಯೇ ಒಂದು ವರ್ಗವಾಗಿ ಎಣಿಸಿದ್ದರು. ಅಷ್ಟು ಸಾಮಾನ್ಯವಾದ ವಾಸ ಅದು.

ಊರಿನ ಹೆಸರು ಮನುಷ್ಯನಿಗೆ ಹೇಗೆ ಅಂಟಿತು? ಎರಡು ದಾರಿಗಳಿವೆ. ಆ ಊರಿನ ಜಮೀನು ಯಾರ ಕೈಯಲ್ಲಿತ್ತೋ ಅವರು ‘ಇಂಥ ಊರಿನ’ ಎಂದು ಬರೆಸಿಕೊಂಡರು. ಇನ್ನೊಂದು, ಊರು ಬಿಟ್ಟು ಬಂದವರು. ಊರಿನಲ್ಲೇ ಇದ್ದವನನ್ನು ಊರಿನ ಹೆಸರಿಂದ ಕರೆಯುವ ಅಗತ್ಯವೇ ಇಲ್ಲ, ಅಲ್ಲಿ ಎಲ್ಲರೂ ಅದೇ ಊರಿನವರು. ಬೇರೆ ಕಡೆ ಹೋಗಿ ನೆಲೆಸಿದಾಗಲೇ ಆ ಹೆಸರಿಗೆ ಕೆಲಸ. ಸುಮಾರು 12ರಿಂದ 14ನೇ ಶತಮಾನದ ಹೊತ್ತಿಗೆ ಇಂಥ ಹೆಸರುಗಳು ಅಪ್ಪನಿಂದ ಮಗನಿಗೆ ಇಳಿಯತೊಡಗಿದವು.

ನಮ್ಮ ಉತ್ತರ ಕರ್ನಾಟಕದಲ್ಲಿ ಇದು ಮನೆಮಾತು. ಕಿತ್ತೂರ, ಸವಣೂರ, ಬಾದಾಮಿ ಎಂಬ ಅಡ್ಡಹೆಸರುಗಳು ಹೀಗೇ ಬಂದವು. ಬಾದಾಮಿಯವರ ಅಜ್ಜ ಒಣಹಣ್ಣಿನ ಅಂಗಡಿ ಇಟ್ಟಿರಲಿಲ್ಲ, ಚಾಲುಕ್ಯರ ಊರಿನಿಂದ ಬಂದಿದ್ದರು. ಕಾಟನ್ ಕತೆಯೂ ಅದೇ, ಎರಡು ಬೇರೆ ಪದಗಳು ಒಂದೇ ಸದ್ದಾಗಿ ಕೇಳಿದ್ದು. ಹತ್ತಿಯ ಕಾಟನ್ ಅರಬ್ಬಿಯ ‘ಕುತ್ನ್’ನಿಂದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಅದಕ್ಕೂ ಮೊದಲೇ ಗುಡಿಸಲಿನ ಕಾಟ್ ಅಲ್ಲಿತ್ತು.

ಇನ್ನು ನೆಂಟಸ್ತನ. ಬೆಂಗಳೂರಿನ ಶಾಲೆಯ ಹೆಸರಿನಲ್ಲಿರುವ ಬಿಷಪ್ ಜಾರ್ಜ್ ಕಾಟನ್ ಹುಟ್ಟಿದ್ದು 1813ರಲ್ಲಿ, ಚೆಸ್ಟರ್ ನಗರದಲ್ಲಿ. ಮೇಷ್ಟರಾಗಿದ್ದವರು 1858ರಲ್ಲಿ ಕಲ್ಕತ್ತದ ಬಿಷಪ್ ಆದರು. ಬೆಂಗಳೂರಿನ ಶಾಲೆ ಶುರುವಾದದ್ದು 1865ರಲ್ಲಿ. ಮರುವರ್ಷವೇ ಅವರು, ಈಗ ಬಾಂಗ್ಲಾದೇಶದಲ್ಲಿರುವ ಕುಷ್ಟಿಯಾದಲ್ಲಿ ಹಡಗು ಹತ್ತುವಾಗ ಹಲಗೆಯಿಂದ ಜಾರಿ ನದಿಗೆ ಬಿದ್ದು ತೀರಿಕೊಂಡರು. ಧವಳೇಶ್ವರದಲ್ಲಿ ಗೋದಾವರಿಗೆ ಅಣೆಕಟ್ಟು ಕಟ್ಟಿದ ಆರ್ಥರ್ ಕಾಟನ್ ಚೆಷೈರಿನ ಕಂಬರ್‌ಮಿಯರ್ ಎಂಬಲ್ಲಿನ ಜಮೀನ್ದಾರಿ ಮನೆತನದವರು. ಗುವಾಹಟಿ ಕಾಲೇಜಿಗೆ (ಈಗ ಅದು ಕಾಟನ್ ವಿಶ್ವವಿದ್ಯಾಲಯ) ಹೆಸರು ಕೊಟ್ಟ ಹೆನ್ರಿ ಕಾಟನ್ ಕುಂಭಕೋಣದಲ್ಲಿ ಹುಟ್ಟಿದವರು. ಅವರ ಮುತ್ತಜ್ಜ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು. ಹೆನ್ರಿ ಮಾತ್ರ ಭಾರತೀಯರ ಪರ ಮಾತಾಡಿ 1904ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ಅಡ್ಡಹೆಸರು ಒಂದೇ ಎಂಬ ಕಾರಣಕ್ಕಷ್ಟೇ ಮೂವರನ್ನೂ ಒಂದೇ ವಂಶದವರು ಎನ್ನಲಾಗದು.

ಇನ್ನೊಬ್ಬ ಕಾಟನ್ ಬಗ್ಗೆ ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ. ಸರ್ ರಾಬರ್ಟ್ ಕಾಟನ್, 1571ರಿಂದ 1631. ಎಂಟನೇ ಹೆನ್ರಿ ದೊರೆ ಕ್ರೈಸ್ತ ಮಠಗಳನ್ನು ಮುಚ್ಚಿಸಿದಾಗ ಅಲ್ಲಿನ ಹಸ್ತಪ್ರತಿಗಳು ದಿಕ್ಕಾಪಾಲಾಗಿದ್ದವು. ರಾಬರ್ಟ್ ಜೀವಮಾನವಿಡೀ ಅವನ್ನು ಹುಡುಕಿ ಕೂಡಿಟ್ಟರು. ಹೆಚ್ಚಿನ ಕಪಾಟುಗಳ ಮೇಲೆ ಒಬ್ಬೊಬ್ಬ ರೋಮ್ ಚಕ್ರವರ್ತಿಯ ತಲೆಯ ಶಿಲ್ಪ ಇತ್ತಂತೆ. ಇವತ್ತಿಗೂ ಬ್ರಿಟಿಷ್ ಲೈಬ್ರರಿಯಲ್ಲಿ ಆ ಪ್ರತಿಗಳ ಗುರುತು ‘ಕಾಟನ್ ವಿಟೆಲಿಯಸ್’, ‘ಕಾಟನ್ ನೀರೋ’ ಎಂದೇ. ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದ ಒಂದೇ ಒಂದು ಹಸ್ತಪ್ರತಿ ಉಳಿದಿದೆ. ಅದು ಇದ್ದದ್ದು ಇವರ ಸಂಗ್ರಹದಲ್ಲಿ. 1731ರ ಬೆಂಕಿಯಲ್ಲಿ ಅದರ ಅಂಚುಗಳು ಸುಟ್ಟವು, ಕಾವ್ಯ ಉಳಿಯಿತು. ‘ಕಾಟ್’ ಯಾವ ಭಾಷೆಯ ಪದವೋ, ಆ ಭಾಷೆಯ ಅತಿ ದೊಡ್ಡ ಕಾವ್ಯ ಕಾಟನ್ ಎಂಬ ಹೆಸರಿನವರ ಕಪಾಟಿನಿಂದ ನಮಗೆ ಬಂದಿದೆ.

ಮಗಳಿಗೆ ಇಷ್ಟು ಹೇಳಿ: ಅದು ‘ಗುಡಿಸಲುಗಳ ಬಳಿಯವರು’ ಎಂಬ ಹೆಸರು. ಅವಳಿಗೆ ಆಸಕ್ತಿ ಇದ್ದರೆ ನಿಮ್ಮ ಮನೆತನದ ಅಡ್ಡಹೆಸರು ಯಾವ ಊರಿನದು ಎಂದು ಮನೆಯ ಹಿರಿಯರನ್ನು ಕೇಳಲಿ. ಸುಮ್ನೆ ಊರಿನ ಹೆಸರಷ್ಟೇ ಸಾಲದು, ಅಲ್ಲಿಂದ ಯಾವಾಗ ಹೊರಟರು ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಲಿ.